ಆರರಲ್ಲೊಂದು ಪಾಲು: ರಾಜನ ಕೂಲಿ, ರಾಜನ ಹೊಣೆ

ಸಭೆಯ ಹಿರಿಯರೇ, ಗೆಳೆಯರೇ,

ನಮ್ಮ ಪ್ರಾಚೀನ ರಾಜಕೀಯ ಚಿಂತನೆ ಎಂದೊಡನೆ ರಾಜನೆಂದರೆ ಮನುಷ್ಯರೂಪದ ದೇವತೆ ಎಂಬ ಮನುಸ್ಮೃತಿಯ ಮಾತು ಥಟ್ಟನೆ ನೆನಪಾಗುತ್ತದೆ. ಅದರ ಪಕ್ಕದಲ್ಲೇ ಇನ್ನೊಂದು ವಿಚಾರವೂ ಸಾವಿರ ವರ್ಷಕ್ಕೂ ಮಿಕ್ಕಿ ಉಳಿದು ಬಂದಿದೆ. ರಾಜ ಪ್ರಜೆಗಳ ಕೂಲಿ ತಿನ್ನುವವನು, ಕಾಯದಿದ್ದರೆ ಆ ಕೂಲಿಗೆ ಅವನು ಅರ್ಹನಲ್ಲ. ಇವತ್ತು ಆ ವಿಚಾರವನ್ನಷ್ಟೇ ಹಿಡಿದು ನೋಡೋಣ.

ಪ್ರಾಚೀನ ಧರ್ಮಶಾಸ್ತ್ರ ಗ್ರಂಥವಾದ ಬೌಧಾಯನ ಧರ್ಮಸೂತ್ರ ಇದನ್ನು ಒಂದೇ ಸಾಲಿನಲ್ಲಿ ಮುಗಿಸುತ್ತದೆ: ಆರನೇ ಒಂದು ಪಾಲನ್ನು ಕೂಲಿಯಾಗಿ ಪಡೆದ ರಾಜ ಪ್ರಜೆಗಳನ್ನು ಕಾಯಬೇಕು. ಲೋಕ ಮತ್ತು ಸಮಾಜ ಹುಟ್ಟಿದ ಬಗೆಯನ್ನು ಹೇಳುವ ಬೌದ್ಧರ ಅಗ್ಗಞ್ಞ ಸುತ್ತದಲ್ಲಿ ಹೊಲಗಳಿಗೆ ಗಡಿ ಬಿದ್ದ ಮೇಲೆ ಕಳವು ಶುರುವಾಗುತ್ತದೆ. ಆಗ ಜನ ಸೇರಿ ಒಬ್ಬನನ್ನು ಆರಿಸಿ, ತಮ್ಮ ಅಕ್ಕಿಯಲ್ಲಿ ಪಾಲು ಕೊಡಲು ಒಪ್ಪುತ್ತಾರೆ. ಅವನೇ ಮಹಾಸಮ್ಮತ, ಅಂದರೆ ಎಲ್ಲರೂ ಒಪ್ಪಿ ಆರಿಸಿದವನು. ಮಹಾಭಾರತದ ಶಾಂತಿಪರ್ವದಲ್ಲಿ ಮನುವನ್ನು ರಾಜನಾಗಿ ಮಾಡಿಕೊಳ್ಳುವಾಗ ಜನ ಅವನ ಜತೆ ಮಾಡಿಕೊಂಡ ಕರಾರಿನ ಲೆಕ್ಕ ಬೇರೆ: ಪಶು ಮತ್ತು ಚಿನ್ನದಲ್ಲಿ 50ಕ್ಕೆ 1, ಧಾನ್ಯದಲ್ಲಿ 10ಕ್ಕೆ 1.

ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಧಾನ್ಯದ ಪಾಲು 6ಕ್ಕೆ 1, ಸರಕು ಮತ್ತು ಚಿನ್ನದ ಪಾಲು 10ಕ್ಕೆ 1. ಕೌಟಿಲ್ಯ ಈ ಕತೆಯನ್ನು ಯಾರ ಬಾಯಲ್ಲಿ ಹೇಳಿಸುತ್ತಾನೆ ನೋಡಿ. ತೀರ್ಥಗಳಲ್ಲಿ, ಸಭೆಗಳಲ್ಲಿ, ಜನ ಸೇರುವ ಕಡೆಯೆಲ್ಲ ಇಬ್ಬರು ಗೂಢಚಾರರು ಬೇಕೆಂದೇ ವಾದಕ್ಕಿಳಿಯುತ್ತಾರೆ. ಒಬ್ಬ ರಾಜನನ್ನು ತೆಗಳುತ್ತಾನೆ. ಇನ್ನೊಬ್ಬ, ದೊಡ್ಡ ಮೀನು ಚಿಕ್ಕ ಮೀನನ್ನು ನುಂಗುವ ಮತ್ಸ್ಯನ್ಯಾಯಕ್ಕೆ ಬೇಸತ್ತ ಜನ ಮನುವನ್ನು ರಾಜನಾಗಿ ಮಾಡಿಕೊಂಡ ಕತೆ ಹೇಳಿ ಅವನ ಬಾಯಿ ಮುಚ್ಚಿಸುತ್ತಾನೆ. ಪ್ರಚಾರವೇ ಆದರೂ ನನಗೆ ಇದು ದೊಡ್ಡ ಸಾಕ್ಷಿ. ಕೊಟ್ಟ ತೆರಿಗೆಗೆ ಪ್ರತಿಯಾಗಿ ರಕ್ಷಣೆ ಎಂಬ ವಾದ ಜನರ ನಡುವೆ ನಿಲ್ಲುತ್ತದೆಂಬ ನಂಬಿಕೆ ಇದ್ದುದರಿಂದಲೇ ಅದನ್ನು ಗೂಢಚಾರನಿಗೆ ಕಲಿಸಿದರು. 3ನೇ ಶತಮಾನದ ಬೌದ್ಧ ದಾರ್ಶನಿಕ ಆರ್ಯದೇವ ಅದನ್ನೇ ರಾಜನ ಮುಖಕ್ಕೆ ಹಿಡಿಯುತ್ತಾನೆ: ಆರನೇ ಪಾಲಿನಿಂದ ಹೊಟ್ಟೆ ಹೊರೆಯುವ ಜನರ ಆಳು ನೀನು, ನಿನಗೇಕೆ ಗರ್ವ?

ಕರಾರು ಅಂದಮೇಲೆ ಮುರಿದಾಗ ಏನು ಎಂಬ ಪ್ರಶ್ನೆ ಬರಲೇಬೇಕು. ಕಳವಿನ ವಿಷಯದಲ್ಲಿ ಅದಕ್ಕೆ ನೇರ ಉತ್ತರವಿದೆ. ಕಳುವಾದ ಸೊತ್ತನ್ನು ರಾಜ ಪ್ರಜೆಗೆ ಕೊಡಿಸಬೇಕು ಎನ್ನುತ್ತದೆ ಯಾಜ್ಞವಲ್ಕ್ಯ ಸ್ಮೃತಿ. ಕಲ್ಯಾಣದಲ್ಲಿ ಚಾಲುಕ್ಯ ದೊರೆ 6ನೇ ವಿಕ್ರಮಾದಿತ್ಯನ ಕಾಲದಲ್ಲಿ ಆ ಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರ ಇನ್ನೂ ಬಿಡಿಸಿ ಹೇಳುತ್ತಾನೆ: ಪ್ರಯತ್ನಪಟ್ಟೂ ಸೊತ್ತು ಸಿಗದಿದ್ದರೆ ಅಷ್ಟೇ ಹಣವನ್ನು ರಾಜ ತನ್ನ ಬೊಕ್ಕಸದಿಂದ ಕೊಡಬೇಕು.

ಈ ಹೊಣೆ ಕೆಳಗಿನ ಹಂತಗಳಲ್ಲಿ ಹೇಗೆ ಹಂಚಿಕೆಯಾಗುತ್ತದೆ ಎಂಬುದನ್ನು ಅರ್ಥಶಾಸ್ತ್ರ ತೋರಿಸುತ್ತದೆ. ಊರಲ್ಲಿ ತಂಗುವ ವರ್ತಕರು ತಮ್ಮ ಸರಕಿನ ಬೆಲೆಯನ್ನು ಮೊದಲೇ ತಿಳಿಸಿರಬೇಕು. ರಾತ್ರಿ ಊರೊಳಗೇ ಕಳುವಾದರೆ ಗ್ರಾಮಸ್ವಾಮಿ ತೆರಬೇಕು. ಎರಡು ಊರುಗಳ ನಡುವೆ ಆದರೆ ಗೋಮಾಳ ನೋಡಿಕೊಳ್ಳುವ ವಿವೀತಾಧ್ಯಕ್ಷ, ಗೋಮಾಳವಿಲ್ಲದ ಕಡೆ ಕಳ್ಳರನ್ನು ಹಿಡಿಯುವ ಚೋರರಜ್ಜುಕ. ಅದೂ ಆಗದಿದ್ದರೆ ಸುತ್ತಲಿನ 5 ಅಥವಾ 10 ಊರುಗಳು. ಯಾಜ್ಞವಲ್ಕ್ಯ ಸ್ಮೃತಿಯಲ್ಲೂ ಹೆಚ್ಚುಕಡಿಮೆ ಇದೇ ಸಾಲು; ಕಳ್ಳನ ಹೆಜ್ಜೆಗುರುತು ಯಾವ ಊರಿಗೆ ಹೋಗಿದೆಯೋ ಆ ಊರು ತೆರಬೇಕೆಂಬ ಮಾತೂ ಅಲ್ಲಿದೆ.

ವ್ಯವಸ್ಥೆ ಕೆಡುವುದು ಇಲ್ಲೇ. ಬೊಕ್ಕಸದ ಹೊಣೆ ಅಧಿಕಾರಿಗಳನ್ನು ದಾಟಿ ಊರಿನ ತಲೆಗೆ ಬಂತು. ಆರನೇ ಪಾಲು ಕೊಟ್ಟ ರೈತನೇ ರಕ್ಷಣೆ ತಪ್ಪಿದ್ದಕ್ಕೆ ಮತ್ತೊಮ್ಮೆ ತೆರಬೇಕಾಯಿತು. ಇನ್ನು ರಾಜನೇ ಕೊಡದಿದ್ದರೆ? ವ್ಯಾಜ್ಯ ನೋಡಬೇಕಾದವನು ರಾಜನೇ. ಅವನು ದಾರಿ ತಪ್ಪಿದಾಗ ಸಭ್ಯರು, ಅಂದರೆ ನ್ಯಾಯಸಭೆಯ ಸದಸ್ಯರು, ತಿಳಿಹೇಳಬೇಕು, ಸುಮ್ಮನಿದ್ದರೆ ಪಾಪದಲ್ಲಿ ಅವರಿಗೂ ಪಾಲು ಎಂದು ಮಿತಾಕ್ಷರಾ ಎಚ್ಚರಿಸುತ್ತದೆ. ಆದರೆ ರಾಜನಿಂದ ಹಣ ಕಕ್ಕಿಸುವ ಅಧಿಕಾರ ಅವರಿಗಿಲ್ಲ. ಮಹಾಭಾರತದ ಅನುಶಾಸನಪರ್ವ ಇನ್ನೊಂದು ತುದಿಗೆ ಹೋಗುತ್ತದೆ: ಕಾಯುತ್ತೇನೆಂದು ಹೇಳಿ ಕಾಯದ ರಾಜನನ್ನು ಜನ ಒಟ್ಟಾಗಿ ಹುಚ್ಚುನಾಯಿಯಂತೆ ಕೊಲ್ಲಬೇಕು. ಸಭ್ಯರ ಬುದ್ಧಿಮಾತಿಗೂ ಈ ಕೊಲೆಗೂ ನಡುವೆ, ಹಣ ಕಳೆದುಕೊಂಡ ವರ್ತಕನೊಬ್ಬ ರಾಜನ ಮೇಲೆ ದೂರು ಕೊಟ್ಟು ಗೆಲ್ಲಬಹುದಾದ ಪೀಠವೊಂದನ್ನು ಈ ಗ್ರಂಥಗಳು ಕಟ್ಟಿಕೊಡಲಿಲ್ಲ.