ಮದುವೆ ಸಾರು, ದೋಸೆ ಕಾವಲಿ ಮತ್ತು ಮಾತ್ರೆ

ಕೇಳುಗರಿಗೆ ನಮಸ್ಕಾರ.

ನಾವು ನುಂಗುವ ಮಾತ್ರೆ ಹುಣಸೆ ಬೀಜದಷ್ಟಿರುತ್ತದೆ. ಅದರ ಹಿಂದೆ ಎಷ್ಟು ಕಸ ಹುಟ್ಟಿರುತ್ತದೆ ಗೊತ್ತಾ? ರೋಜರ್ ಶೆಲ್ಡನ್ ಎಂಬ ವಿಜ್ಞಾನಿ 1992ರಲ್ಲಿ ಲೆಕ್ಕ ಹಾಕಿ ತೋರಿಸಿದರು. ಒಂದು ಕಿಲೋ ಔಷಧಕ್ಕೆ 25ರಿಂದ 100 ಕಿಲೋ ಕಸ, ಕೆಲವಕ್ಕೆ ಇನ್ನೂ ಜಾಸ್ತಿ. ಪೆಟ್ರೋಲ್ ಸಂಸ್ಕರಣೆಯಲ್ಲಿ ಕಿಲೋಗೆ ಸುಮಾರು 100 ಗ್ರಾಂ ಅಷ್ಟೇ. ಒಟ್ಟು ತೂಕ ಹಾಕಿದರೆ ಪೆಟ್ರೋಲಿನ ಕಸವೇ ದೊಡ್ಡದು, ಆ ಮಾತು ಬೇರೆ. ಔಷಧದ ಕಸದಲ್ಲಿ ದೊಡ್ಡ ಪಾಲು ಸಾಲ್ವೆಂಟಿನದು. ಅಂದರೆ ಪುಡಿ ಕರಗಿಸಲು, ತೊಳೆಯಲು ಬಳಸುವ ಮೆಥನಾಲ್, ಟಾಲ್ಯೂಯೀನ್‌ನಂಥವು.

ಇಷ್ಟು ಕಸಕ್ಕೆ ಒಂದು ಕಾರಣ ತಯಾರಿಸುವ ರೀತಿ. ಔಷಧ ತಯಾರಿಕೆ ಬಹಳ ಕಾಲದಿಂದ ಮದುವೆ ಮನೆಯ ಸಾರಿನಂತೆ ನಡೆದಿದೆ. ಒಂದು ಕೊಪ್ಪರಿಗೆ ಪೂರ್ತಿ ಮಾಡುವುದು, ಆಮೇಲೆ ರುಚಿ ನೋಡುವುದು. ಉಪ್ಪು ಹೆಚ್ಚಾಗಿದ್ದರೆ? ಸಾರಿಗೆ ನೀರು ಬೆರೆಸಬಹುದು. ಔಷಧಕ್ಕೆ ಹಾಗೆಲ್ಲ ಮಾಡುವಂತಿಲ್ಲ. ಮಾದರಿ ಲ್ಯಾಬಿಗೆ ಹೋಗಬೇಕು, ಕಾಯಬೇಕು. ತಪ್ಪಿದ್ದರೆ ಇಡೀ ಬ್ಯಾಚ್ ಹೋಯಿತು.

ದೋಸೆ ಹೋಟೆಲಿನವರ ದಾರಿ ಬೇರೆ. ಮೊದಲ ದೋಸೆ ಸೀದರೆ ಕಾವಲಿಗೆ ನೀರು ಚಿಮುಕಿಸಿ ಉರಿ ತಗ್ಗಿಸುತ್ತಾರೆ. ಕೆಟ್ಟಿದ್ದು ಒಂದೇ ದೋಸೆ. ಪೋರ್ಟೊ ರಿಕೊದ ಗುರಾಬೊ ಊರಿನಲ್ಲಿ ಜಾನ್ಸೆನ್ ಕಂಪನಿ ಮಾಡಿದ್ದು ಹೆಚ್ಚುಕಡಿಮೆ ಇದನ್ನೇ. ಎಚ್‌ಐವಿ ಔಷಧ ಡಾರುನಾವಿರ್ ಮಾತ್ರೆಯನ್ನು ಬ್ಯಾಚ್ ಬಿಟ್ಟು ನಿರಂತರ ಹರಿವಿನಲ್ಲಿ ಮಾಡಲು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2016ರಲ್ಲಿ ಒಪ್ಪಿತು. ಹೀಗೆ ಹಳೇ ದಾರಿಯಿಂದ ಹೊಸ ದಾರಿಗೆ ಬದಲಾಗಲು ಅದು ಕೊಟ್ಟ ಮೊದಲ ಒಪ್ಪಿಗೆ ಅದು. ಇಂಥ ಸಾಲಿನಲ್ಲಿ ಒಂದು ಕಡೆ ಪುಡಿ ಸುರಿಯುತ್ತಿರುತ್ತದೆ, ಇನ್ನೊಂದು ಕಡೆ ಮಾತ್ರೆ ಬರುತ್ತಿರುತ್ತದೆ. ನಡುವೆ ಕಣ್ಣಿಗೆ ಕಾಣದ ಇನ್ಫ್ರಾರೆಡ್ ಬೆಳಕು ಹಾಯಿಸಿ, ಮಿಶ್ರಣ ಸರಿಯಿದೆಯೇ ಎಂದು ಕಂಪ್ಯೂಟರ್ ಆ ಕ್ಷಣಕ್ಕೇ ಹೇಳುತ್ತದೆ. ತಪ್ಪಿದಷ್ಟು ಭಾಗ ಮಾತ್ರ ಪಕ್ಕಕ್ಕೆ.

ಹೀಗೆ ಅಳೆದು ಹೇಳುವ ಸೆನ್ಸರ್‌ಗಳು ನಮ್ಮಲ್ಲೂ ಇವೆ, ಆದರೆ ಬೇರೆ ಜಾಗದಲ್ಲಿ. ಬೀದರ್ ದಾಟಿ ಹೈದರಾಬಾದ್ ಕಡೆ ಹೋದರೆ ಪಟಾನ್‌ಚೆರು ಸಿಗುತ್ತದೆ. ಸುಮಾರು 90 ಔಷಧ ಕಾರ್ಖಾನೆಗಳ ಕೊಳೆನೀರು ಬರುತ್ತಿದ್ದ ಅಲ್ಲಿನ ಶುದ್ಧೀಕರಣ ಘಟಕವನ್ನು ಸ್ವೀಡನ್ನಿನ ಸಂಶೋಧಕರು ಪರೀಕ್ಷಿಸಿ 2007ರಲ್ಲಿ ವರದಿ ಕೊಟ್ಟರು. ಶುದ್ಧೀಕರಿಸಿ ಹೊರಬಿಟ್ಟ ನೀರಿನಲ್ಲೇ ಲೀಟರಿಗೆ 31 ಮಿಲಿಗ್ರಾಂವರೆಗೂ ಸಿಪ್ರೊಫ್ಲಾಕ್ಸಾಸಿನ್ ಎಂಬ ಆ್ಯಂಟಿಬಯೋಟಿಕ್ ಇತ್ತು. ಮಾತ್ರೆ ನುಂಗಿದ ರೋಗಿಯ ರಕ್ತದಲ್ಲೂ ಅಷ್ಟು ಇರುವುದಿಲ್ಲ! 2014ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ, ಔಷಧವೂ ಸೇರಿ 17 ಬಗೆಯ ಉದ್ಯಮಗಳು ಆನ್‌ಲೈನ್ ಮೀಟರ್ ಹಾಕಬೇಕೆಂದಿತು. ಒಳ್ಳೆಯದೇ. ಆದರೆ ಆ ಮೀಟರ್ ನೋಡುವುದು ನೀರು ಎಷ್ಟು ಆಮ್ಲೀಯ (ಪಿಎಚ್), ಒಟ್ಟಾರೆ ಕೊಳೆ ಎಷ್ಟು (ಸಿಒಡಿ, ಬಿಒಡಿ) ಎಂಬಂಥವನ್ನು. ಆ್ಯಂಟಿಬಯೋಟಿಕ್ ಅದರ ಕಣ್ಣಿಗೆ ಬೀಳುವುದಿಲ್ಲ. ಮೋರಿಯ ಬಾಯಲ್ಲಿ ಕಾವಲು ಕೂತರೆ ಅಷ್ಟೇ ಅಲ್ವಾ, ಕಳ್ಳ ಆಗಲೇ ಮನೆ ದಾಟಿರುತ್ತಾನೆ. ಕಣ್ಣು ಇರಬೇಕಾದ್ದು ಕೊಪ್ಪರಿಗೆಯೊಳಗೆ.

ಹಾಗಂತ ಎಲ್ಲರೂ ಹೊಸ ಸಾಲು ಕಟ್ಟಲಾರರು. ಸಣ್ಣ ಕಾರ್ಖಾನೆಯಲ್ಲಿ ಈ ತಿಂಗಳು ಒಂದು ಔಷಧ, ಮುಂದಿನ ತಿಂಗಳು ಇನ್ನೊಂದು, ಪಾತ್ರೆ ಅದೇ. ಅವರು ಮೊದಲು ಸೆನ್ಸರ್ ಇಡಲು ನನ್ನ ಆಯ್ಕೆ ಡ್ರೈಯರ್, ಅಂದರೆ ಪುಡಿ ಒಣಗಿಸುವ ಯಂತ್ರ. ಪುಡಿಯ ಸಾಲ್ವೆಂಟ್ ಆರಿತೋ ಇಲ್ಲವೋ ತಿಳಿಯದೆ, ಯಾವುದಕ್ಕೂ ಇರಲಿ ಎಂದು ಸುಮ್ನೆ ಇನ್ನೊಂದಿಷ್ಟು ಗಂಟೆ ಓಡಿಸುವುದುಂಟು. ಒಳಗೊಂದು ಸೆನ್ಸರ್ ಇದ್ದರೆ ಆರಿದ ಕೂಡಲೇ ತಿಳಿಯುತ್ತದೆ. ಸ್ವಿಚ್ ಆರಿಸಬಹುದು.