ಡಾಲರ್ ದಾಟಿಸುವ ಕಾಗದ: ನೇಪಾಳದ ವಿದ್ಯಾರ್ಥಿಗಳ ಎನ್‌ಒಸಿ

ಕೇಳುಗರೆ, ನಮಸ್ಕಾರ.

ನಮ್ಮ ಊರುಗಳಲ್ಲಿ ನೇಪಾಳದಿಂದ ಬಂದು ನೆಲೆಸಿದ ಕುಟುಂಬಗಳು ಈಗ ಕಡಿಮೆಯೇನಿಲ್ಲ. ಅವರ ಮಕ್ಕಳು ಇಲ್ಲಿಯೇ ಎಸ್ಎಸ್ಎಲ್‌ಸಿ, ಪಿಯುಸಿ ಮುಗಿಸುತ್ತಾರೆ. ನರ್ಸಿಂಗ್, ಎಂಜಿನಿಯರಿಂಗ್ ಓದಲೆಂದೇ ನೇಪಾಳದಿಂದ ಬೆಂಗಳೂರು, ಮಂಗಳೂರಿಗೆ ಬರುವವರೂ ಇದ್ದಾರೆ. ಮುಂದೆ ಆಸ್ಟ್ರೇಲಿಯಾ, ಜಪಾನ್, ಅಮೆರಿಕ ಅಂತ ಹೊರಟಾಗ ಇವರಿಗೆ ಎದುರಾಗುವ ಒಂದು ಕಾಗದದ ಬಗ್ಗೆ ನಮ್ಮಲ್ಲಿ ತಿಳಿದವರು ಕಡಿಮೆ. ಸಹಪಾಠಿಗಳಿಗೂ ಗೊತ್ತಿರುವುದಿಲ್ಲ, ಕಾಲೇಜಿನ ಮೇಷ್ಟ್ರಿಗೂ ಗೊತ್ತಿರುವುದಿಲ್ಲ. ಅದು ನೇಪಾಳ ಸರ್ಕಾರದ ಶಿಕ್ಷಣ, ವಿಜ್ಞಾನ ಮತ್ತು ತಂತ್ರಜ್ಞಾನ ಸಚಿವಾಲಯ ಕೊಡುವ ನಿರಾಕ್ಷೇಪಣಾ ಪತ್ರ. ಎಲ್ಲರೂ ಅದನ್ನು ಎನ್‌ಒಸಿ ಎಂದೇ ಕರೆಯುತ್ತಾರೆ, ನಾನೂ ಹಾಗೆಯೇ ಕರೆಯುತ್ತೇನೆ.

ಈ ಕಾಗದ ಯಾಕೆ ಬೇಕು ಅನ್ನುವುದು ಮೊದಲು ತಿಳಿದರೆ ಉಳಿದದ್ದೆಲ್ಲ ಸಲೀಸಾಗಿ ಅರ್ಥವಾಗುತ್ತದೆ. ಭಾರತದ ನಿವಾಸಿಯೊಬ್ಬ ವರ್ಷಕ್ಕೆ ಎರಡೂವರೆ ಲಕ್ಷ ಡಾಲರಿನವರೆಗೆ ಬ್ಯಾಂಕಿನ ಮೂಲಕ ಹೊರಗೆ ಕಳಿಸಬಹುದು; ಸಚಿವಾಲಯದ ಬಾಗಿಲು ತಟ್ಟಬೇಕಾಗಿಲ್ಲ. ನೇಪಾಳದಲ್ಲಿ ಹಾಗಿಲ್ಲ. ಅಲ್ಲಿ 1962ರ ವಿದೇಶಿ ವಿನಿಮಯ ಕಾಯ್ದೆಯಡಿ ಡಾಲರಿನ ಮೇಲೆ ಬಿಗಿ ಹಿಡಿತವಿದೆ, ಆ ಹಿಡಿತ ನಮ್ಮ ರಿಸರ್ವ್ ಬ್ಯಾಂಕಿನಂಥ ನೇಪಾಳ ರಾಷ್ಟ್ರ ಬ್ಯಾಂಕಿನ ಕೈಯಲ್ಲಿದೆ. ಓದಿನ ಶುಲ್ಕಕ್ಕೆಂದು ಡಾಲರ್ ಕೇಳಿದರೆ ಬ್ಯಾಂಕು ಮೊದಲು ಕೇಳುವುದೇ ಎನ್‌ಒಸಿ. ಹಾಗಾಗಿ ಹೆಸರಿಗೆ ಇದು ಓದಿನ ಅನುಮತಿಯಾದರೂ ನಿಜವಾಗಿ ಮಾಡುವ ಕೆಲಸ ಹಣ ದಾಟಿಸುವುದು. ಇದರಲ್ಲಿ ಆಗುವ ತಪ್ಪುಗಳಲ್ಲಿ ಹೆಚ್ಚಿನವು ಬಯಲಾಗುವುದು ಬ್ಯಾಂಕಿನ ಕೌಂಟರಿನಲ್ಲೇ.

ಅರ್ಜಿ ಈಗ ಆನ್‌ಲೈನ್. ಸಚಿವಾಲಯದ ಎನ್‌ಒಸಿ ಜಾಲತಾಣದಲ್ಲಿ ವಿದ್ಯಾರ್ಥಿ ತನ್ನ ಹೆಸರಿನಲ್ಲೇ ಖಾತೆ ತೆರೆಯಬೇಕು. ಕೈಯಲ್ಲಿ ಇರಬೇಕಾದದ್ದು ನಾಗರಿಕತಾ ಪ್ರಮಾಣಪತ್ರ (ಅಂದರೆ ಪೌರತ್ವದ ಪತ್ರ), ಪಾಸ್‌ಪೋರ್ಟ್, ಹತ್ತನೇ ತರಗತಿಯ ಎಸ್ಇಇ ಅಂಕಪಟ್ಟಿ, ಹನ್ನೆರಡನೆಯದರ ಅಂಕಪಟ್ಟಿ ಮತ್ತು ಪ್ರಮಾಣಪತ್ರ, ಸ್ನಾತಕೋತ್ತರಕ್ಕೆ ಹೋಗುವವರಾದರೆ ಪದವಿಯ ದಾಖಲೆ, ಜೊತೆಗೆ ಹೊರದೇಶದ ಸಂಸ್ಥೆ ಕೊಟ್ಟ ಆಫರ್ ಲೆಟರ್. ಶುಲ್ಕ 2,000 ನೇಪಾಳಿ ರೂಪಾಯಿ. ಮೂಲ ಪ್ರತಿಯನ್ನೇ ಸ್ಕ್ಯಾನ್ ಮಾಡಿ, ಜೆರಾಕ್ಸನ್ನು ಮೊಬೈಲಿನಲ್ಲಿ ಫೋಟೊ ತೆಗೆದು ಹಾಕಬೇಡಿ. ನಾಗರಿಕತಾ ಪತ್ರದ ಎರಡೂ ಬದಿ ಬೇಕು. ಮುಂದಿನ ಬದಿ ಮಾತ್ರ ಹಾಕಿ ಅರ್ಜಿ ವಾಪಸ್ ಬಂದರೆ ದಿನಗಳು ಹಾಳು.

ಖಾತೆ ತನ್ನ ಹೆಸರಿನಲ್ಲೇ ಅಂದೆ. ಇದನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಕಠ್ಮಂಡುವಿನ ಪುತಲೀಸಡಕ್, ಬಾಗ್‌ಬಜಾರ್ ಕಡೆ ಓದಲು ಹೊರದೇಶಕ್ಕೆ ಕಳಿಸಿಕೊಡುವ ಕನ್ಸಲ್ಟೆನ್ಸಿಗಳ ಬೋರ್ಡು ಗೋಡೆ ಕಾಣದಷ್ಟು ತುಂಬಿವೆ. ಅವರಲ್ಲಿ ಒಳ್ಳೆಯವರೂ ಇದ್ದಾರೆ. ಆದರೆ ತಮ್ಮ ಇಮೇಲ್, ತಮ್ಮ ಫೋನ್ ನಂಬರ್ ಕೊಟ್ಟು ವಿದ್ಯಾರ್ಥಿಯ ಖಾತೆ ತೆರೆದುಬಿಡುವವರೂ ಇದ್ದಾರೆ. ಆಗ ಪಾಸ್‌ವರ್ಡ್ ಅವರ ಹತ್ತಿರ, ಒಟಿಪಿ ಹೋಗುವುದು ಅವರ ಫೋನಿಗೆ. ವಿದ್ಯಾರ್ಥಿ ಕಾಲೇಜು ಬದಲಿಸಬೇಕೆಂದರೆ ಅವರ ಮುಂದೆ ಕೈಕಟ್ಟಿ ನಿಲ್ಲಬೇಕಾಗುತ್ತದೆ. ಹನ್ನೆರಡನೇ ತರಗತಿ ಓದಿದ ಯಾರು ಬೇಕಾದರೂ ಈ ಅರ್ಜಿಯನ್ನು ತಾವೇ ತುಂಬಬಹುದು, ಇದಕ್ಕೆ ಮಧ್ಯವರ್ತಿ ಬೇಕಿಲ್ಲ.

ಇನ್ನು ಹೆಸರಿನ ವಿಚಾರ. ಇಲ್ಲಿ ಸ್ವಲ್ಪ ನಿಂತು ಮಾತಾಡಬೇಕು. ನೇಪಾಳದಲ್ಲಿ ಒಂಬತ್ತನೇ ತರಗತಿಯಲ್ಲಿ ಶಾಲೆಯವರು ಎಸ್ಇಇ ಪರೀಕ್ಷೆಗೆ ಮಕ್ಕಳ ಹೆಸರನ್ನು ನೋಂದಾಯಿಸುತ್ತಾರೆ. ಇಂಗ್ಲಿಷ್ ಅಕ್ಷರಗಳಲ್ಲಿ ಹೆಸರು ಮೊದಲ ಸಲ ಗಟ್ಟಿಯಾಗುವುದು ಅಲ್ಲಿ, ಅದೂ ಶಾಲೆಯ ಗುಮಾಸ್ತರ ಕೈಯಲ್ಲಿ. ನಾಗರಿಕತಾ ಪತ್ರ ಸಿಗುವುದು ಹದಿನಾರು ತುಂಬಿದ ಮೇಲೆ, ಜಿಲ್ಲಾ ಪ್ರಶಾಸನ ಕಚೇರಿಯಲ್ಲಿ. ಪಾಸ್‌ಪೋರ್ಟ್ ಆ ನಾಗರಿಕತಾ ಪತ್ರವನ್ನು ಅನುಸರಿಸುತ್ತದೆ. ಹೀಗೆ ಎರಡು ದಾರಿಯಲ್ಲಿ ಬಂದ ಒಂದೇ ಹೆಸರು ಎರಡು ಬಗೆಯಾಗುತ್ತದೆ. ವಿಕಾಸ ಅನ್ನುವ ಹುಡುಗನ ಹೆಸರು ಒಂದರಲ್ಲಿ 'ಬಿ' ಅಕ್ಷರದಿಂದ, ಇನ್ನೊಂದರಲ್ಲಿ 'ವಿ' ಅಕ್ಷರದಿಂದ ಶುರುವಾಗುತ್ತದೆ. ಕೊನೆಯಲ್ಲಿ ಒಂದು ಕಡೆ 'ಎಸ್' ಮಾತ್ರ, ಇನ್ನೊಂದು ಕಡೆ 'ಎಸ್' ಜೊತೆ 'ಎಚ್'. ಹೆಣ್ಣುಮಕ್ಕಳ ಹೆಸರಿನ ನಡುವಿನ ಕುಮಾರಿ ಒಂದು ದಾಖಲೆಯಲ್ಲಿ ಇರುತ್ತದೆ, ಇನ್ನೊಂದರಲ್ಲಿ ಮಾಯ. ಲಕ್ಷ್ಮಿಯಂಥ ಹೆಸರಿಗಂತೂ ಎಷ್ಟು ದಾಖಲೆಯೋ ಅಷ್ಟು ಸ್ಪೆಲಿಂಗು.

ನೋಡುವವರಿಗೆ ಇದು ಕ್ಷುಲ್ಲಕ. ಆದರೆ ಆಫರ್ ಲೆಟರ್ ಪಾಸ್‌ಪೋರ್ಟಿನ ಹೆಸರಿನಲ್ಲಿ ಬರುತ್ತದೆ, ಅಂಕಪಟ್ಟಿ ಶಾಲೆಯ ಹೆಸರಿನಲ್ಲಿ ಇರುತ್ತದೆ, ಇಬ್ಬರೂ ಒಬ್ಬರೇ ಎಂದು ಸಚಿವಾಲಯದ ನೌಕರರು ಯಾವ ಧೈರ್ಯದ ಮೇಲೆ ಒಪ್ಪಬೇಕು? ಸಣ್ಣ ವ್ಯತ್ಯಾಸವಿದ್ದರೆ ವಾರ್ಡ್ ಕಚೇರಿಗೆ ಹೋಗಿ, ಈ ಎರಡು ಹೆಸರಿನವರು ಒಬ್ಬರೇ ಎಂದು ಶಿಫಾರಸು ಪತ್ರ ತರಬಹುದು. ವ್ಯತ್ಯಾಸ ದೊಡ್ಡದಿದ್ದರೆ, ಅದರಲ್ಲೂ ಹುಟ್ಟಿದ ದಿನವೇ ಬೇರೆ ಇದ್ದರೆ, ದಾಖಲೆಯನ್ನೇ ತಿದ್ದಿಸಬೇಕು. ಅದಕ್ಕೆ ಶಾಲೆಯ ಪತ್ರ ಹಿಡಿದು ಭಕ್ತಪುರದ ಸಾನೋಠಿಮಿಯಲ್ಲಿರುವ ರಾಷ್ಟ್ರೀಯ ಪರೀಕ್ಷಾ ಮಂಡಳಿಗೆ ಅಲೆಯಬೇಕು. ಈ ಕೆಲಸ ಆಫರ್ ಲೆಟರ್ ಬಂದ ಮೇಲೆ ಶುರು ಮಾಡುವಂಥದ್ದಲ್ಲ. ಐಇಎಲ್‌ಟಿಎಸ್‌ಗೆ ಅಂದರೆ ಇಂಗ್ಲಿಷ್ ಭಾಷೆಯ ಪರೀಕ್ಷೆಗೆ ಓದುತ್ತಿರುವಾಗಲೇ ಎಲ್ಲ ದಾಖಲೆಗಳನ್ನೂ ಮೇಜಿನ ಮೇಲೆ ಹರಡಿ ಅಕ್ಷರಕ್ಕೆ ಅಕ್ಷರ ತಾಳೆ ನೋಡಬೇಕು.

ಹುಟ್ಟಿದ ದಿನ ಅಂದೆನಲ್ಲ, ಅಲ್ಲೊಂದು ಬಲೆ ಇದೆ. ನೇಪಾಳದ ದಾಖಲೆಗಳು ಹೆಚ್ಚಾಗಿ ವಿಕ್ರಮ ಶಕೆಯಲ್ಲಿ, ಪಾಸ್‌ಪೋರ್ಟ್ ಮಾತ್ರ ನಮ್ಮ ಇಂಗ್ಲಿಷ್ ಕ್ಯಾಲೆಂಡರಿನಲ್ಲಿ. ಅಲ್ಲಿನ ಹೊಸ ವರ್ಷ ಏಪ್ರಿಲ್ ಮಧ್ಯದಲ್ಲಿ, ವೈಶಾಖದಿಂದ ಶುರುವಾಗಿ ಚೈತ್ರಕ್ಕೆ ಮುಗಿಯುತ್ತದೆ. ವಿಕ್ರಮ ಶಕೆಯ ವರ್ಷದಿಂದ 57 ಕಳೆದರೆ ನಮ್ಮ ಇಸವಿ ಸಿಗುತ್ತದೆ ಎಂದು ಹಲವರು ಲೆಕ್ಕ ಹಾಕುತ್ತಾರೆ. ವೈಶಾಖದಿಂದ ಪೌಷದ ಮಧ್ಯದವರೆಗೆ ಅದು ಸರಿ. ಆದರೆ ಪೌಷದ ನಡುವಿನಲ್ಲಿ ಜನವರಿ 1 ಬಂದುಬಿಡುತ್ತದೆ, ಅಲ್ಲಿಂದ ಚೈತ್ರ ಮುಗಿಯುವವರೆಗೆ ಕಳೆಯಬೇಕಾದದ್ದು 56. ಮಾಘದಲ್ಲಿ ಹುಟ್ಟಿದ ಹುಡುಗಿಯ ವಯಸ್ಸು ಹೀಗೆ ಕಾಗದದಲ್ಲಿ ಒಂದು ವರ್ಷ ಹೆಚ್ಚಾಗುವುದುಂಟು. 56 ವರ್ಷ, 8 ತಿಂಗಳು, 17 ದಿನ ಕಳೆಯುವ ಸೂತ್ರವೂ ಒಂದಿದೆ. ಆದರೆ ನೇಪಾಳಿ ತಿಂಗಳಿಗೆ 29ರಿಂದ 32 ದಿನಗಳವರೆಗೆ ಇರುತ್ತವೆ, ಅದೂ ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ. ಸೂತ್ರ ಹಿಡಿದರೆ ಒಂದೆರಡು ದಿನ ತಪ್ಪುತ್ತದೆ. ಆಯಾ ವರ್ಷದ ಪಂಚಾಂಗಕ್ಕೆ ಹೊಂದಿಸಿದ ದಿನಾಂಕ ಪರಿವರ್ತಕವನ್ನೇ ಬಳಸಿ, ಬಂದ ದಿನಾಂಕವನ್ನು ಪಾಸ್‌ಪೋರ್ಟಿನ ಜೊತೆ ಹೋಲಿಸಿ.

ಆಫರ್ ಲೆಟರಿಗೆ ಬರೋಣ. ಎನ್‌ಒಸಿಯಲ್ಲಿ ದೇಶ, ಸಂಸ್ಥೆ, ಕೋರ್ಸು, ಹಂತ ಎಲ್ಲವೂ ನಮೂದಾಗುತ್ತವೆ. ಇವುಗಳಲ್ಲಿ ಒಂದು ಬದಲಾದರೂ ಹೊಸ ಅರ್ಜಿ, ಹೊಸ ಶುಲ್ಕ. ಆದ್ದರಿಂದ ಮನಸ್ಸು ಹೊಯ್ದಾಡುತ್ತಿರುವಾಗ ಎನ್‌ಒಸಿಗೆ ಹಾಕಬೇಡಿ. ಆಸ್ಟ್ರೇಲಿಯಾದ ಖಾಸಗಿ ಕಾಲೇಜುಗಳಲ್ಲಿ ಇನ್ನೊಂದು ತೊಡಕಿದೆ. ಕಾಲೇಜು ಜನರಿಗೆ ಪರಿಚಯವಾಗಿರುವ ಹೆಸರು ಒಂದು, ಕಂಪನಿಯಾಗಿ ನೋಂದಾಯಿಸಿದ ಹೆಸರು ಇನ್ನೊಂದು. ವಿದ್ಯಾರ್ಥಿ ಆಫರ್ ಲೆಟರಿನ ತಲೆಯ ಮೇಲಿರುವ ದಪ್ಪಕ್ಷರದ ಹೆಸರನ್ನು ಅರ್ಜಿಯಲ್ಲಿ ಬರೆಯುತ್ತಾನೆ. ಶುಲ್ಕದ ಇನ್ವಾಯ್ಸಿನಲ್ಲಿ ಖಾತೆದಾರರ ಹೆಸರು ಮಾತ್ರ ಕಂಪನಿಯದ್ದು. ಬ್ಯಾಂಕಿನವರು ಎರಡೂ ಕಾಗದ ಪಕ್ಕಪಕ್ಕ ಇಟ್ಟು ಆಗದು ಎಂದು ತಲೆಯಾಡಿಸುತ್ತಾರೆ: ಎನ್‌ಒಸಿ ಒಂದು ಸಂಸ್ಥೆಗೆ, ದುಡ್ಡು ಇನ್ನೊಂದಕ್ಕೆ. ಸಾಮಾನ್ಯವಾಗಿ ಆಫರ್ ಲೆಟರಿನ ಅಡಿಯಲ್ಲಿ ಸಣ್ಣಕ್ಷರದಲ್ಲಿ ಎರಡೂ ಹೆಸರು ಮತ್ತು ಕ್ರಿಕೋಸ್ ಎಂಬ ನೋಂದಣಿ ಸಂಖ್ಯೆ ಇರುತ್ತವೆ. ಅರ್ಜಿ ತುಂಬುವಾಗಲೇ ಆ ಸಾಲು ಓದಿ. ಅದು ಇಲ್ಲದಿದ್ದರೆ ಎರಡೂ ಹೆಸರು ಒಂದೇ ಸಂಸ್ಥೆಯದ್ದು ಎಂದು ಕಾಲೇಜಿನಿಂದ ಒಂದು ಪತ್ರ ತರಿಸಿಕೊಳ್ಳಿ. ಮೊದಲು ಡಿಪ್ಲೊಮಾ, ಆಮೇಲೆ ಪದವಿ ಅಂತ ಎರಡು ಕೋರ್ಸು ಸೇರಿಸಿ ಆಫರ್ ಬಂದಿದ್ದರೆ ಅರ್ಜಿಯಲ್ಲೂ ಎರಡನ್ನೂ ಕಾಣಿಸಬೇಕು.

ಯಾವ ಹೊತ್ತಿಗೆ ಎನ್‌ಒಸಿ ತೆಗೆಯಬೇಕು ಅನ್ನುವುದು ದೇಶದ ಮೇಲೆ ಹೋಗುತ್ತದೆ. ಆಸ್ಟ್ರೇಲಿಯಾಕ್ಕೆ ಶುಲ್ಕ ಕಟ್ಟಿದ ಮೇಲೆಯೇ ಕಾಲೇಜು ದಾಖಲಾತಿ ದೃಢೀಕರಣ ಪತ್ರ ಕೊಡುತ್ತದೆ, ಅದು ಬಂದ ಮೇಲೆ ವೀಸಾ ಅರ್ಜಿ. ಹಾಗಾಗಿ ಎನ್‌ಒಸಿ ಮೊದಲಿಗೇ ಬೇಕು. ಜಪಾನಿನಲ್ಲಿ ವಲಸೆ ಇಲಾಖೆ ಅರ್ಹತಾ ಪ್ರಮಾಣಪತ್ರ ಕೊಟ್ಟ ಮೇಲೆ ಶಾಲೆಗೆ ಹಣ ಕಳಿಸುವುದು ರೂಢಿ. ಆ ಪ್ರಮಾಣಪತ್ರಕ್ಕೆ ಮೂರೇ ತಿಂಗಳ ಆಯಸ್ಸು. ಅಷ್ಟರೊಳಗೆ ಎನ್‌ಒಸಿ, ಹಣ ರವಾನೆ, ವೀಸಾ, ಪ್ರಯಾಣ ಎಲ್ಲ ಮುಗಿಯಬೇಕು. ಅಮೆರಿಕಕ್ಕೆ ಹೋಗುವ ಹೆಚ್ಚಿನವರು ವೀಸಾ ಆದ ಮೇಲೆ ಶುಲ್ಕ ಕಳಿಸುತ್ತಾರೆ. ಆದರೆ ಸಂದರ್ಶನಕ್ಕೆ ಮುಂಚೆಯೇ 350 ಡಾಲರಿನ ಸೆವಿಸ್ ಶುಲ್ಕ, ಅಂದರೆ ವಿದೇಶಿ ವಿದ್ಯಾರ್ಥಿಗಳ ನೋಂದಣಿ ಶುಲ್ಕ ಕಟ್ಟಬೇಕು. ನೇಪಾಳದಲ್ಲಿ ಪ್ರೀಪೇಯ್ಡ್ ಡಾಲರ್ ಕಾರ್ಡಿಗೆ ವರ್ಷಕ್ಕೆ 500 ಡಾಲರಿನ ಮಿತಿಯಿದೆ. ನಾಲ್ಕಾರು ವಿಶ್ವವಿದ್ಯಾಲಯಗಳ ಅರ್ಜಿ ಶುಲ್ಕಕ್ಕೆ ಆ ಕಾರ್ಡನ್ನು ಉಜ್ಜಿಬಿಟ್ಟರೆ ಸೆವಿಸ್ ಹೊತ್ತಿಗೆ ಕಾರ್ಡು ಖಾಲಿ. ಮೊದಲೇ 350 ಡಾಲರ್ ಎತ್ತಿಟ್ಟು, ಉಳಿದದ್ದರಲ್ಲಿ ಎಷ್ಟು ಅರ್ಜಿ ಹಾಕಬಹುದೆಂದು ಲೆಕ್ಕ ಮಾಡುವುದು ಜಾಣತನ. ದಸೈನ್, ತಿಹಾರ್ ಹಬ್ಬಗಳ ಕಾಲವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ನಮ್ಮ ದಸರಾ, ದೀಪಾವಳಿಯ ಆ ದಿನಗಳಲ್ಲಿ ನೇಪಾಳದ ಸರ್ಕಾರಿ ಕಚೇರಿಗಳು ದಿನಗಟ್ಟಲೆ ಮುಚ್ಚಿರುತ್ತವೆ.

ವೈದ್ಯಕೀಯ ಓದುವವರಿಗೆ ನಿಯಮ ಬೇರೆ, ಕಟ್ಟುನಿಟ್ಟು. ವೈದ್ಯಕೀಯ ಶಿಕ್ಷಣ ಆಯೋಗ ನೇಪಾಳದಲ್ಲಿ ನಡೆಸುವ ಪ್ರವೇಶ ಪರೀಕ್ಷೆಯಲ್ಲಿ ಅರ್ಹತೆ ಪಡೆಯದೆ ಹೊರದೇಶದಲ್ಲಿ ಎಂಬಿಬಿಎಸ್‌ಗೆ ಸೇರುವಂತಿಲ್ಲ. ಪರೀಕ್ಷೆ ಬರೆಯದೆ ಎಲ್ಲೋ ಸೀಟು ಹಿಡಿದವರಿಗೆ ಓದು ಮುಗಿಸಿ ಬಂದ ಮೇಲೆ ಊರಿನಲ್ಲಿ ವೃತ್ತಿ ನಡೆಸುವ ದಾರಿಯೇ ಮುಚ್ಚಿಹೋಗಬಹುದು. ಇದನ್ನು ಏಜೆಂಟರು ಹೇಳುವುದಿಲ್ಲ, ಮನೆಯವರೇ ಕೇಳಿ ತಿಳಿಯಬೇಕು.

ಕರ್ನಾಟಕದಲ್ಲಿ ಓದಿದ ನೇಪಾಳಿ ಮಕ್ಕಳಿಗೆ ಒಂದು ಹೆಜ್ಜೆ ಹೆಚ್ಚು. ನಮ್ಮ ಪಿಯುಸಿ ಅಂಕಪಟ್ಟಿ ನೇಪಾಳದ ಹನ್ನೆರಡನೇ ತರಗತಿಗೆ ಸಮ ಎಂದು ಸಾನೋಠಿಮಿಯ ಪರೀಕ್ಷಾ ಮಂಡಳಿಯಿಂದ ಸಮಾನತೆ ಪತ್ರ ಪಡೆಯಬೇಕು. ಇಲ್ಲಿ ಪದವಿ ಮುಗಿಸಿದವರಿಗೆ ಕೀರ್ತಿಪುರದ ತ್ರಿಭುವನ ವಿಶ್ವವಿದ್ಯಾಲಯದ ಪಠ್ಯಕ್ರಮ ಅಭಿವೃದ್ಧಿ ಕೇಂದ್ರವಿದೆ. ಎಸ್ಎಸ್ಎಲ್‌ಸಿಯಿಂದ ಹಿಡಿದು ಎಲ್ಲ ಮೂಲ ಅಂಕಪಟ್ಟಿ, ವರ್ಗಾವಣೆ ಪತ್ರ, ಮೈಗ್ರೇಷನ್ ಪತ್ರ ಇವನ್ನೆಲ್ಲ ಊರಿಗೆ ಹೊರಡುವ ಮೊದಲೇ ಇಲ್ಲಿಯ ಶಾಲೆ, ಕಾಲೇಜು, ಮಂಡಳಿಯಿಂದ ಪಡೆದುಕೊಳ್ಳಲಿ. ಕಠ್ಮಂಡುವಿನಲ್ಲಿ ಕುಳಿತು ಬೆಂಗಳೂರಿನ ಮೈಗ್ರೇಷನ್ ಪತ್ರ ತರಿಸುವುದು ತುಂಬ ಕಷ್ಟ. ಪ್ರಾಂಶುಪಾಲರು, ಕಚೇರಿಯ ಸಿಬ್ಬಂದಿ ಯಾರಾದರೂ ಕೇಳುತ್ತಿದ್ದರೆ, ಟಿಸಿ ಕೊಡುವ ದಿನ ಆ ಮಕ್ಕಳಿಗೆ ಇದನ್ನು ನೆನಪಿಸಿ, ದೊಡ್ಡ ಉಪಕಾರವಾಗುತ್ತದೆ. ಇನ್ನೊಂದು ಗೊಂದಲವೂ ಇದೆ. ದೆಹಲಿಯ ನೇಪಾಳ ರಾಯಭಾರ ಕಚೇರಿಯೂ ಎನ್‌ಒಸಿ ಎಂಬ ಪತ್ರ ಕೊಡುತ್ತದೆ; ಅದು ಭಾರತದ ವಿಮಾನ ನಿಲ್ದಾಣದಿಂದ ಮೂರನೇ ದೇಶಕ್ಕೆ ಹಾರುವವರಿಗೆ ಸಂಬಂಧಿಸಿದ್ದು. ಹೆಸರು ಒಂದೇ ಆದರೂ ಶಿಕ್ಷಣ ಸಚಿವಾಲಯದ ಪತ್ರದ ಬದಲಿಗೆ ಅದು ನಡೆಯುವುದಿಲ್ಲ.

ಎನ್‌ಒಸಿ ಕೈಗೆ ಬಂತು. ಬ್ಯಾಂಕಿಗೆ ಹೋಗುವಾಗ ಅದರ ಜೊತೆ ಪಾಸ್‌ಪೋರ್ಟ್, ಆಫರ್ ಲೆಟರ್, ಸಂಸ್ಥೆಯ ಖಾತೆ ಸಂಖ್ಯೆ ಮತ್ತು ಸ್ವಿಫ್ಟ್ ಕೋಡ್ ಇರುವ ಇನ್ವಾಯ್ಸ್ ಒಯ್ಯಬೇಕು. ಹಣ ನೇರವಾಗಿ ಸಂಸ್ಥೆಯ ಖಾತೆಗೇ ಹೋಗಬೇಕು. ಕಳಿಸುವ ಮೊತ್ತದ ಮೇಲೆ ಸರ್ಕಾರ ಶಿಕ್ಷಣ ಸೇವಾ ಶುಲ್ಕ ಹಾಕುತ್ತದೆ, ಬ್ಯಾಂಕಿನ ಕಮಿಷನ್ ಬೇರೆ. ಜೊತೆಗೆ ದಾರಿಯಲ್ಲಿ ಸಿಗುವ ಮಧ್ಯದ ಬ್ಯಾಂಕು ಒಂದಿಷ್ಟು ಡಾಲರ್ ಮುರಿದುಕೊಂಡರೆ ಕಾಲೇಜಿಗೆ ಮುಟ್ಟುವ ಹಣ ಕೊರೆ ಬೀಳುತ್ತದೆ, ಕೊರೆ ಬಿದ್ದರೆ ದಾಖಲಾತಿ ಪತ್ರ ತಡವಾಗುತ್ತದೆ. ಎಲ್ಲ ಖರ್ಚನ್ನೂ ಕಳಿಸುವವರೇ ಭರಿಸುವಂತೆ ಫಾರಂನಲ್ಲಿ ಗುರುತು ಹಾಕಿಸಿ.

ಬಹಳಷ್ಟು ದೇಶಗಳ ವೀಸಾ ಪಟ್ಟಿಯಲ್ಲಿ ಎನ್‌ಒಸಿ ಇರುವುದಿಲ್ಲ. ಇದನ್ನೇ ಹಿಡಿದು, ಅದೆಲ್ಲ ಬೇಡ, ಹಣ ನಾವು ಕಟ್ಟಿಸುತ್ತೇವೆ ಎನ್ನುವವರು ಸಿಗುತ್ತಾರೆ. ಅವರು ಹೇಳುವ ದಾರಿ ಹುಂಡಿ, ಅಂದರೆ ಬ್ಯಾಂಕಿನ ಹೊರಗೆ ಗುಟ್ಟಾಗಿ ಹಣ ದಾಟಿಸುವ ವ್ಯವಹಾರ. ದಯವಿಟ್ಟು ಆ ದಾರಿ ಹಿಡಿಯಬೇಡಿ. ಅದು ಕಾನೂನಿಗೆ ವಿರುದ್ಧ ಎನ್ನುವುದು ಒಂದು. ಇನ್ನೊಂದು, ಕಾಲೇಜಿನ ಲೆಕ್ಕದಲ್ಲಿ ಹಣ ಕಟ್ಟಿದವರು ಯಾರೋ ಅಪರಿಚಿತರಾಗಿರುತ್ತಾರೆ. ವೀಸಾ ತಿರಸ್ಕಾರವಾದರೆ ಕಾಲೇಜು ಹಣ ಬಂದ ಖಾತೆಗೇ ಹಿಂತಿರುಗಿಸುತ್ತದೆ. ಹೊಲ ಅಡವಿಟ್ಟು ಹೊಂದಿಸಿದ ದುಡ್ಡು ಯಾರದೋ ಖಾತೆಗೆ ಸೇರುತ್ತದೆ. ವಿಮಾನ ನಿಲ್ದಾಣದಲ್ಲಿ ವಿದ್ಯಾರ್ಥಿ ವೀಸಾ ನೋಡಿ ಎನ್‌ಒಸಿ ಕೇಳುವುದೂ ಉಂಟು. ಶಿಕ್ಷಣ ಸಾಲ ಕೊಡುವ ಬ್ಯಾಂಕಿಗೂ ಅದೇ ಬೇಕು.

ಸರಿಯಾದ ದಾರಿಯಲ್ಲಿ ಹಣ ಕಳಿಸಿ ವೀಸಾ ಸಿಗದಿದ್ದರೆ, ತಿರಸ್ಕಾರದ ಪತ್ರ ಬಂದ ಕೂಡಲೇ ಕಾಲೇಜಿಗೆ ಮರುಪಾವತಿ ಅರ್ಜಿ ಹಾಕಿ, ಕಳಿಸಿದ ಬ್ಯಾಂಕಿನ ಸ್ವಿಫ್ಟ್ ರಸೀದಿ ಲಗತ್ತಿಸಿ. ಹಣ ಅದೇ ಬ್ಯಾಂಕಿಗೆ ಮರಳಿದ್ದಕ್ಕೆ ಪತ್ರ ಪಡೆದುಕೊಳ್ಳಿ. ಬೇರೆ ಕಾಲೇಜಿಗೆ ಹೊಸ ಎನ್‌ಒಸಿ ಕೇಳುವಾಗ, ಹಳೆಯದರ ಮೇಲೆ ಹೋದ ಡಾಲರ್ ಏನಾಯಿತು ಎಂಬ ಪ್ರಶ್ನೆಗೆ ಆ ಪತ್ರವೇ ಉತ್ತರ.

ನಮಸ್ಕಾರ.