ವರ್ತಕರು ಹೂಡಿದ ಕಡಲಯುದ್ಧ

ಕೇಳುಗ ಬಾಂಧವರಿಗೆ ನಮಸ್ಕಾರ.

ಅಮೆರಿಕದ ಸ್ವಾತಂತ್ರ್ಯ ಸಂಗ್ರಾಮವೆಂದರೆ ನಮ್ಮಲ್ಲಿ ಬಹಳ ಮಂದಿಗೆ ಬಾಸ್ಟನ್ ಬಂದರಿನ ಚಹಾ ಪೆಟ್ಟಿಗೆಗಳು, ಜಾರ್ಜ್ ವಾಷಿಂಗ್ಟನ್ನನ ಸೈನ್ಯ, 1776ರ ಜುಲೈ 4ರ ಘೋಷಣೆ, ಇಷ್ಟು ನೆನಪಿಗೆ ಬರುತ್ತವೆ. ಅದೇ ಕಾಲದಲ್ಲಿ ಸಮುದ್ರದ ಮೇಲೆ ವರ್ಷಗಟ್ಟಲೆ ನಡೆದ ಯುದ್ಧದ ವಿಚಾರವನ್ನು ನಾವು ಕೇಳುವುದು ಅಪರೂಪ. ಈ ಹೊತ್ತು ನಾನು ಆ ಯುದ್ಧದ ಬಗ್ಗೆ ಮಾತನಾಡಬೇಕೆಂದಿದ್ದೇನೆ; ಅದರಲ್ಲಿಯೂ ನಿಮ್ಮ ಮನಸ್ಸಿನಲ್ಲಿ ಒಂದೇ ಒಂದು ಮಾತು ಉಳಿಯಬೇಕೆಂಬುದು ನನ್ನ ಆಸೆ. ಅಮೆರಿಕದ ಪಾಲಿಗೆ ಕಡಲಯುದ್ಧದ ಹೊರೆಯನ್ನು ಹೊತ್ತವರು ಸರ್ಕಾರದ ನೌಕಾಪಡೆಯವರಲ್ಲ, ಬಂದರು ಊರುಗಳ ವರ್ತಕರು.

ಯುದ್ಧ ಆರಂಭವಾದ 1775ರಲ್ಲಿ ಬ್ರಿಟನ್ನಿನ ನೌಕಾಪಡೆಯಲ್ಲಿ 250ಕ್ಕೂ ಹೆಚ್ಚು ಯುದ್ಧ ಹಡಗುಗಳಿದ್ದವು. ದಂಗೆಯೆದ್ದ 13 ವಸಾಹತುಗಳ ಬಳಿ ನೌಕಾಪಡೆ ಎಂಬುದೇ ಇರಲಿಲ್ಲ. ಅವುಗಳ ಪ್ರತಿನಿಧಿ ಸಭೆಯಾದ ಕಾಂಟಿನೆಂಟಲ್ ಕಾಂಗ್ರೆಸ್ಸು ಆ ವರ್ಷದ ಅಕ್ಟೋಬರ್ 13ರಂದು ನೌಕಾಪಡೆಯೊಂದನ್ನು ಕಟ್ಟಲು ತೀರ್ಮಾನಿಸಿತು. ಡಿಸೆಂಬರಿನಲ್ಲಿ 13 ಫ್ರಿಗೇಟ್‌ಗಳನ್ನು, ಎಂದರೆ ವೇಗವಾಗಿ ಸಾಗುವ ಮಧ್ಯಮ ಗಾತ್ರದ ಯುದ್ಧ ಹಡಗುಗಳನ್ನು, ನಿರ್ಮಿಸಲು ಆದೇಶ ಹೊರಡಿಸಿತು. ಈ 13ರ ಗತಿ ಏನಾಯಿತೆಂದು ಕೇಳಿ. ಕೆಲವು ಶತ್ರುವಿನ ಕೈಸೇರಿದವು. ಕೆಲವನ್ನು ಶತ್ರುವಿನ ಕೈಗೆ ಸಿಗಬಾರದೆಂದು ಕಟ್ಟಿದವರೇ ಸುಟ್ಟರು. 1781ರ ಆಗಸ್ಟ್ ಮುಗಿಯುವ ವೇಳೆಗೆ ಅವುಗಳಲ್ಲಿ ಒಂದೂ ಅಮೆರಿಕದ ಕೈಯಲ್ಲಿ ಉಳಿದಿರಲಿಲ್ಲ. ಜಾನ್ ಪಾಲ್ ಜೋನ್ಸನಂತಹ ಧೀರರು ಆ ಪಡೆಯಲ್ಲಿದ್ದರು, 1779ರಲ್ಲಿ ಇಂಗ್ಲೆಂಡಿನ ಕರಾವಳಿಯ ಎದುರಿನಲ್ಲಿಯೇ ಸೆರಾಪಿಸ್ ಎಂಬ ಹಡಗನ್ನು ಆತ ಗೆದ್ದದ್ದು ನಿಜವಾಗಿಯೂ ದೊಡ್ಡ ಸಾಹಸ. ಆದರೆ ಒಬ್ಬ ಧೀರನಿಂದ ಸಮುದ್ರ ಕೈವಶವಾಗುವುದಿಲ್ಲ.

ಹಾಗಾದರೆ ಬ್ರಿಟನ್ನಿಗೆ ಕಡಲಿನಲ್ಲಿ ನೋವುಂಟುಮಾಡಿದವರು ಯಾರು? 1776ರ ಮಾರ್ಚ್ 23ರಂದು ಕಾಂಗ್ರೆಸ್ಸು ಒಂದು ನಿರ್ಣಯ ಕೈಗೊಂಡಿತು. ಯಾವ ವರ್ತಕನಾದರೂ ತನ್ನ ಸ್ವಂತ ಹಣದಿಂದ ಹಡಗಿಗೆ ಫಿರಂಗಿ ಹೂಡಿ, ನಾವಿಕರನ್ನು ಸೇರಿಸಿಕೊಂಡು, ಬ್ರಿಟಿಷ್ ಹಡಗುಗಳನ್ನು ಹಿಡಿಯಬಹುದು. ಅದಕ್ಕೆ ಸರ್ಕಾರದ ಪರವಾನಗಿ ಪತ್ರ ಇರಬೇಕು, ಅಷ್ಟೇ. ಇಂತಹ ಹಡಗುಗಳನ್ನೇ ಪ್ರೈವೆಟೀರ್ ಎಂದು ಕರೆಯುತ್ತಾರೆ. ಕಾಂಗ್ರೆಸ್ಸಿನ ಅಧ್ಯಕ್ಷನಾಗಿದ್ದ ಜಾನ್ ಹ್ಯಾನ್‌ಕಾಕ್ ಪರವಾನಗಿಯ ಹಾಳೆಗಳಿಗೆ ಸಹಿ ಹಾಕಿ, ಹಡಗಿನ ಹೆಸರಿನ ಜಾಗವನ್ನು ಖಾಲಿ ಬಿಟ್ಟು ವಸಾಹತುಗಳಿಗೆ ಕಳುಹಿಸಿಕೊಟ್ಟನು. ಕಾಂಗ್ರೆಸ್ಸೊಂದೇ ಯುದ್ಧ ಮುಗಿಯುವ ಹೊತ್ತಿಗೆ ಸುಮಾರು 1,700 ಪರವಾನಗಿಗಳನ್ನು ಕೊಟ್ಟಿತ್ತು. ರಾಜ್ಯಗಳೆನಿಸಿಕೊಂಡ ಆ ವಸಾಹತುಗಳು ಕೊಟ್ಟವು ಬೇರೆ.

ಇಲ್ಲಿ ಒಂದು ವಿಷಯವನ್ನು ಸ್ವಲ್ಪ ಖಾರವಾಗಿಯೇ ಹೇಳುತ್ತೇನೆ, ಕೇಳುಗರು ಕ್ಷಮಿಸಬೇಕು. ಈ ಹಡಗುಗಳ ಪ್ರಸ್ತಾಪ ಬಂದಾಗಲೆಲ್ಲ ಓದಿಕೊಂಡವರು ಕೂಡ ‘ಓ, ಕಡಲ್ಗಳ್ಳರು’ ಎಂದುಬಿಡುತ್ತಾರೆ. ಕಡಲ್ಗಳ್ಳನು ಸರ್ಕಾರಕ್ಕೆ ಮುಚ್ಚಳಿಕೆ ಬರೆದುಕೊಡುತ್ತಾನೆಯೇ? ಪರವಾನಗಿ ಬೇಡಿದ ವರ್ತಕನು 100 ಟನ್ನಿನವರೆಗಿನ ಹಡಗಿಗೆ 5,000 ಡಾಲರ್, ಅದಕ್ಕಿಂತ ದೊಡ್ಡ ಹಡಗಿಗೆ 10,000 ಡಾಲರ್ ಮೊತ್ತದ ಮುಚ್ಚಳಿಕೆ ಬರೆದುಕೊಡಬೇಕಾಗಿತ್ತು; ಕಪ್ತಾನನು ನಿಯಮ ಮೀರಿದರೆ ಆ ಹಣ ಹೋಯಿತು. ಸೆರೆಸಿಕ್ಕವರನ್ನು ಕೊಲ್ಲಬಾರದು, ಹಿಂಸಿಸಬಾರದು ಎಂದು ಸೂಚನಾಪತ್ರದಲ್ಲಿ ಬರೆದಿತ್ತು. ಸಿಬ್ಬಂದಿಯಲ್ಲಿ ಮೂರರಲ್ಲೊಂದು ಪಾಲಾದರೂ ಕಡಲಿಗೆ ಹೊಸಬರಾದ ನೆಲದ ಜನರಿರಬೇಕು ಎಂಬ ನಿಯಮವೂ ಇತ್ತು. ಹಿಡಿದ ಹಡಗನ್ನು ನಡುಗಡಲಿನಲ್ಲಿ ಹಂಚಿಕೊಳ್ಳುವಂತಿರಲಿಲ್ಲ; ಬಂದರಿಗೆ ತಂದು, ನ್ಯಾಯಾಲಯದ ಮುಂದಿಟ್ಟು, ಅದು ಶತ್ರುವಿನದೇ ಎಂದು ತೀರ್ಪಾದ ಮೇಲೆ ಹರಾಜು ಹಾಕಬೇಕಾಗಿತ್ತು. ಬಂದ ಹಣದಲ್ಲಿ ಸಾಮಾನ್ಯವಾಗಿ ಅರ್ಧ ಹಡಗಿನ ಒಡೆಯರಿಗೆ, ಉಳಿದರ್ಧ ಕಪ್ತಾನನಿಂದ ಹಿಡಿದು ಅಡುಗೆಯವನವರೆಗೆ ಪಾಲು ಪಾಲಾಗಿ ಸಿಬ್ಬಂದಿಗೆ ಸಲ್ಲುತ್ತಿತ್ತು. ಪರವಾನಗಿ, ಮುಚ್ಚಳಿಕೆ, ನ್ಯಾಯಾಲಯ, ಹರಾಜು ಇವೆಲ್ಲ ಕಳ್ಳತನದ ಲಕ್ಷಣಗಳಲ್ಲ, ವ್ಯವಹಾರದ ಲಕ್ಷಣಗಳು. ಅದನ್ನೇ ನಾನು ಹೇಳುತ್ತಿರುವುದು: ಇದು ವರ್ತಕರು ವರ್ತಕರ ರೀತಿಯಲ್ಲಿಯೇ ನಡೆಸಿದ ಯುದ್ಧ.

ಸರ್ಕಾರದ ನೌಕಾಪಡೆಯಲ್ಲಿ ಹಿಡಿದ ಸರಕು ಹಡಗಿನ ಬೆಲೆಯ ಮೂರನೆಯ ಒಂದು ಪಾಲಷ್ಟೇ ಸಿಬ್ಬಂದಿಗೆ ಸಿಗುತ್ತಿತ್ತು. 1776ರ ಅಕ್ಟೋಬರಿನಲ್ಲಿ ಅದನ್ನು ಅರ್ಧಕ್ಕೆ ಏರಿಸಿದರೂ ನಾವಿಕರು ವರ್ತಕರ ಹಡಗುಗಳತ್ತಲೇ ಓಡುತ್ತಿದ್ದರು. ಸೇಲಂ, ಬೆವರ್ಲಿ, ಮಾರ್ಬಲ್‌ಹೆಡ್, ಫಿಲಡೆಲ್ಫಿಯಾ ಬಂದರುಗಳಲ್ಲಿ, ನಿನ್ನೆ ಮೀನು ಸಾಗಿಸುತ್ತಿದ್ದ ಸ್ಕೂನರ್ ಎಂಬ ಸಣ್ಣ ಹಾಯಿಹಡಗು ಇಂದು ನಾಲ್ಕು ಫಿರಂಗಿ ಹೊತ್ತು ಹೊರಡುತ್ತಿತ್ತು. ವಾಷಿಂಗ್ಟನ್ ಕೂಡ ಮೊದಲು ಮಾಡಿದ್ದು ಇದನ್ನೇ. ಕಾಂಗ್ರೆಸ್ಸಿನ ಪರವಾನಗಿಗಳು ಬರುವ ಮುಂಚೆಯೇ ಆತನು ಇಂತಹ ಸ್ಕೂನರುಗಳನ್ನು ವರ್ತಕರಿಂದ ಬಾಡಿಗೆಗೆ ಪಡೆದು ಕಡಲಿಗಿಳಿಸಿದನು. ಅವುಗಳಲ್ಲಿ ಲೀ ಎಂಬ ಹಡಗು, ಕಪ್ತಾನ ಜಾನ್ ಮ್ಯಾನ್ಲಿಯ ಕೈಕೆಳಗೆ, 1775ರ ನವೆಂಬರ್ ಕೊನೆಯಲ್ಲಿ ನ್ಯಾನ್ಸಿ ಎಂಬ ಬ್ರಿಟಿಷ್ ಸಾಗಣೆ ಹಡಗನ್ನು ಹಿಡಿಯಿತು. ಅದರೊಳಗೆ 2,000 ಬಂದೂಕು, 1,00,000 ಚಕಮಕಿ ಕಲ್ಲು, 31 ಟನ್ ಗುಂಡು ಇದ್ದವು. ಬಾಸ್ಟನ್ನಿಗೆ ಮುತ್ತಿಗೆ ಹಾಕಿ ಕುಳಿತಿದ್ದರೂ ಕೈಯಲ್ಲಿ ಆಯುಧವಿಲ್ಲದೆ ಪರದಾಡುತ್ತಿದ್ದ ಸೈನ್ಯಕ್ಕೆ ಅದೆಷ್ಟು ದೊಡ್ಡ ನೆರವು ಎಂಬುದನ್ನು ಯೋಚಿಸಿ.

ಇನ್ನು ಬ್ರಿಟನ್ನಿನ ವರ್ತಕರಿಗೆ ಆದ ಪೆಟ್ಟು. 1778ರ ಫೆಬ್ರವರಿಯಲ್ಲಿ ಲಂಡನ್ನಿನ ವರ್ತಕರು ಬ್ರಿಟಿಷ್ ಸಂಸತ್ತಿನ ಮೇಲ್ಮನೆಯಾದ ಲಾರ್ಡ್ಸ್ ಸಭೆಯ ಮುಂದೆ ನಿಂತು, ಅದುವರೆಗೆ ಅಮೆರಿಕದವರು 733 ಹಡಗುಗಳನ್ನು ಹಿಡಿದಿದ್ದಾರೆಂದೂ, ಬಿಡಿಸಿಕೊಂಡವನ್ನು ಕಳೆದರೂ ನಷ್ಟ 18 ಲಕ್ಷ ಪೌಂಡು ದಾಟಿದೆಯೆಂದೂ ಸಾಕ್ಷ್ಯ ನುಡಿದರು. ವಿಮೆಯ ದರ ಏರಿತು; ಬೆಂಗಾವಲು ಇಲ್ಲದೆ ಹೊರಟ ಹಡಗಿಗಂತೂ ಹಲವು ಪಟ್ಟು. ನಷ್ಟ ಮೊದಲು ಕಾಣಿಸಿದ್ದು ಲಂಡನ್ ವರ್ತಕನ ಲೆಕ್ಕದ ಪುಸ್ತಕದಲ್ಲಿ, ಅಲ್ಲಿಂದ ಅದು ಸಂಸತ್ತಿನ ಬಾಗಿಲಿಗೆ ಬಂತು. ಒಂದು ದೇಶದ ವರ್ತಕರು ಇನ್ನೊಂದು ದೇಶದ ವರ್ತಕರ ಜೇಬಿಗೆ ಕೈಹಾಕಿದ ಯುದ್ಧ ಇದು.

ಈಗ ನನಗೆ ಅತ್ಯಂತ ಪ್ರಿಯವಾದ ಪ್ರಸಂಗಕ್ಕೆ ಬರುತ್ತೇನೆ. ಕನ್ನಡ ನಾಡಿನವರು ಇದನ್ನು ತಿಳಿದಿರಲೇಬೇಕು ಎಂಬುದು ನನ್ನ ಹಟ.

1782ರ ವಸಂತಕಾಲ. ಫಿಲಡೆಲ್ಫಿಯಾ ನಗರ ಇರುವುದು ಡೆಲವೇರ್ ನದಿಯ ದಡದಲ್ಲಿ. ಅಲ್ಲಿಂದ ಹೊರಟ ಸರಕೆಲ್ಲ ಡೆಲವೇರ್ ಕೊಲ್ಲಿಯ ಬಾಯಿಯನ್ನು ದಾಟಿಯೇ ಸಾಗರ ಸೇರಬೇಕು. ಆ ಬಾಯಿಯಲ್ಲಿ ಬ್ರಿಟಿಷ್ ಹಡಗುಗಳೂ, ಬ್ರಿಟಿಷ್ ರಾಜನ ಪಕ್ಷ ಹಿಡಿದ ಅಮೆರಿಕದವರ ಹಡಗುಗಳೂ ಹೊಂಚುಹಾಕಿ ಕುಳಿತಿದ್ದವು. ರಾಜ್ಯದ ಶಾಸನಸಭೆ ಹಣ ಮಂಜೂರು ಮಾಡುವವರೆಗೆ ಕಾಯದೆ ನಗರದ ವರ್ತಕರೇ ಹಣ ಕೂಡಿಸಿ, ಒಂದು ಸರಕು ಹಡಗನ್ನು ಕೊಂಡು, ಆರು ಪೌಂಡಿನ ಗುಂಡು ಹಾರಿಸುವ 16 ಫಿರಂಗಿಗಳನ್ನು ಅದಕ್ಕೆ ಹೂಡಿದರು. ಆ ಹಡಗಿನ ಹೆಸರು ‘ಹೈದರ್ ಆಲಿ’. ಹೌದು, ನಮ್ಮ ಶ್ರೀರಂಗಪಟ್ಟಣದ ಹೈದರಾಲಿಯೇ! 1780ರ ಸೆಪ್ಟೆಂಬರಿನಲ್ಲಿ ಪೊಳ್ಳಿಲೂರಿನ ಬಯಲಿನಲ್ಲಿ ಕರ್ನಲ್ ಬೈಲಿಯ ದಂಡನ್ನು ಮೈಸೂರಿನ ಸೈನ್ಯ ಧೂಳೀಪಟ ಮಾಡಿದ ವಾರ್ತೆ ಲೋಕವನ್ನೇ ಸುತ್ತಿತ್ತು. ಅದೇ ವರ್ಷದ ಡಿಸೆಂಬರಿನಲ್ಲಿ ಬ್ರಿಟಿಷ್ ನೌಕಾಧಿಪತಿ ಎಡ್ವರ್ಡ್ ಹ್ಯೂಸ್ ಮಂಗಳೂರಿಗೆ ಬಂದು ಹೈದರನ ಹಡಗುಗಳನ್ನು ನಾಶಮಾಡಿ ಹೋಗಿದ್ದನು. ಮಂಗಳೂರಿನಲ್ಲಿ ಹೈದರನ ಹಡಗುಗಳು ಇಲ್ಲವಾದವು. ಮರುವರ್ಷ ಕಳೆದು ಭೂಮಿಯ ಆಚೆ ಬದಿಯಲ್ಲಿ, ಅದೇ ಶತ್ರುವಿನ ಎದುರು, ಆತನ ಹೆಸರನ್ನೇ ಹೊತ್ತ ಹಡಗು ನೀರಿಗಿಳಿಯಿತು.

ಆ ಹಡಗಿನ ಕಪ್ತಾನ ಜೋಶುವಾ ಬಾರ್ನಿ, ವಯಸ್ಸು 22. ಹಿಂದಿನ ವರ್ಷವಷ್ಟೇ ಇಂಗ್ಲೆಂಡಿನ ಪ್ಲಿಮತ್ತಿನ ಮಿಲ್ ಸೆರೆಮನೆಯಿಂದ, ಕಾಲು ಉಳುಕಿದವನಂತೆ ಊರುಗೋಲು ಹಿಡಿದು ಕಾವಲಿನವರನ್ನು ನಂಬಿಸಿ, ಕೊನೆಗೆ ಬ್ರಿಟಿಷ್ ಅಧಿಕಾರಿಯ ಉಡುಪಿನಲ್ಲಿ ಪಾರಾಗಿ ಬಂದವನು. ಏಪ್ರಿಲ್ 8ರಂದು ಸರಕು ಹಡಗುಗಳ ಗುಂಪಿಗೆ ಬೆಂಗಾವಲಾಗಿ ಆತನು ಕೊಲ್ಲಿಯ ಬಾಯಿಯಲ್ಲಿರುವ ಕೇಪ್ ಮೇ ಬಳಿ ಇದ್ದಾಗ ಮೂರು ಶತ್ರು ಹಡಗುಗಳು ಕಾಣಿಸಿದವು: ಕ್ವಿಬೆಕ್ ಎಂಬ ದೊಡ್ಡ ಫ್ರಿಗೇಟು, ಫೇರ್ ಅಮೆರಿಕನ್ ಎಂಬ ಖಾಸಗಿ ಹಡಗು ಮತ್ತು 20 ಫಿರಂಗಿಗಳ ಜನರಲ್ ಮಾಂಕ್. ಮಾಂಕಿನ ಫಿರಂಗಿಗಳಲ್ಲಿ ಹೆಚ್ಚಿನವು ಒಂಬತ್ತು ಪೌಂಡಿನವು. ಅದರಲ್ಲಿದ್ದ ಜನರೂ ಹೆಚ್ಚು. ಬಾರ್ನಿ ಸರಕು ಹಡಗುಗಳಿಗೆ ಕೊಲ್ಲಿಯೊಳಕ್ಕೆ ಹಿಂದಿರುಗುವಂತೆ ಸಂಕೇತ ಕೊಟ್ಟು ತಾನು ಹಿಂದೆ ನಿಂತನು. ಫೇರ್ ಅಮೆರಿಕನ್ ಒಂದು ಸುತ್ತು ಗುಂಡು ಸುರಿಸಿ, ಸರಕಿನ ಆಸೆಗೆ ಮುಂದೆ ಧಾವಿಸಿ, ಮರಳು ದಿಬ್ಬಕ್ಕೆ ಹತ್ತಿ ಕುಳಿತಿತು. ಮಾಂಕ್ ಮಾತ್ರ ನೇರವಾಗಿ ಹೈದರ್ ಆಲಿಯ ಪಕ್ಕಕ್ಕೇ ಬಂತು.

ಇಲ್ಲಿ ಬಾರ್ನಿಯ ಜಾಣತನ ನೋಡಿ. ಚುಕ್ಕಾಣಿ ಹಿಡಿದವನಿಗೆ ಆತನು ಮೊದಲೇ ಗುಟ್ಟಾಗಿ ಹೇಳಿಟ್ಟಿದ್ದನು: ಮುಂದೆ ನಾನು ಯಾವ ಆಜ್ಞೆಯನ್ನು ಕೂಗಿದರೂ ನೀನು ಅದಕ್ಕೆ ವಿರುದ್ಧವಾದುದನ್ನೇ ಮಾಡಬೇಕು. ಎರಡು ಹಡಗುಗಳು ಒಂದರ ಮಾತು ಇನ್ನೊಂದಕ್ಕೆ ಕೇಳಿಸುವಷ್ಟು ಹತ್ತಿರ ಬಂದಾಗ ಬಾರ್ನಿ ಗಟ್ಟಿಯಾಗಿ ಚುಕ್ಕಾಣಿಯನ್ನು ಒಂದು ಕಡೆಗೆ ತಿರುಗಿಸುವಂತೆ ಕೂಗಿದನು. ಅದನ್ನು ಕೇಳಿಸಿಕೊಂಡ ಶತ್ರು ಹಡಗು ಜೊತೆಜೊತೆಗೇ ಸಾಗಬೇಕೆಂದು ತಾನೂ ಅತ್ತಲೇ ತಿರುಗಿತು. ಹೈದರ್ ಆಲಿ ತಿರುಗಿದ್ದು ಇತ್ತ! ಮಾಂಕಿನ ಮೂತಿಯಿಂದ ಮುಂದಕ್ಕೆ ಚಾಚಿದ್ದ ಮರದ ತೊಲೆ ಹೈದರ್ ಆಲಿಯ ಮುಂಭಾಗದ ಹಗ್ಗಗಳಲ್ಲಿ ಸಿಕ್ಕಿಕೊಂಡಿತು. ಆ ಸ್ಥಿತಿಯಲ್ಲಿ ಮಾಂಕಿನ ಪಕ್ಕದ ಫಿರಂಗಿಗಳು ಯಾವ ಕೆಲಸಕ್ಕೂ ಬಾರದಾದವು. ಹೈದರ್ ಆಲಿಯ ಫಿರಂಗಿಗಳು ಮಾತ್ರ ಶತ್ರು ಹಡಗಿನ ಮೂತಿಯಿಂದ ಬಾಲದವರೆಗೂ ಗುಂಡು ಸುರಿದವು. ಕಾಡುನಾಡಿನಿಂದ ಬಂದ ಬಂದೂಕಿನ ಗುರಿಕಾರರು ಮೇಲ್ಗಟ್ಟೆಯ ಮೇಲೆ ಕಾಣಿಸಿಕೊಂಡ ಅಧಿಕಾರಿಗಳನ್ನು ಒಬ್ಬೊಬ್ಬರನ್ನಾಗಿ ಉರುಳಿಸಿದರು. ಅರ್ಧ ಗಂಟೆ ಕಳೆಯುವ ಮೊದಲೇ, 26 ನಿಮಿಷಗಳಲ್ಲಿ, ಮಾಂಕ್ ತನ್ನ ಧ್ವಜ ಇಳಿಸಿತು. ಹೈದರ್ ಆಲಿಯಲ್ಲಿ ಸತ್ತವರು ನಾಲ್ವರು.

ಹಿಡಿದ ಹಡಗನ್ನು ಬಾರ್ನಿ ಫಿಲಡೆಲ್ಫಿಯಾಕ್ಕೆ ತಂದನು. ಅದು ಮೊದಲು ಜನರಲ್ ವಾಷಿಂಗ್ಟನ್ ಎಂಬ ಅಮೆರಿಕದ ಖಾಸಗಿ ಹಡಗೇ ಆಗಿತ್ತು. ಬ್ರಿಟಿಷರು ಹಿಡಿದು ಹೆಸರು ಬದಲಿಸಿದ್ದರು. ಈಗ ಅದಕ್ಕೆ ಹಳೆಯ ಹೆಸರೇ ಮರಳಿತು. ಅದೇ ಹಡಗನ್ನೇರಿ ಬಾರ್ನಿ ಫ್ರಾನ್ಸಿಗೆ ಹೋಗಿ, 1783ರ ಮಾರ್ಚ್ 12ರಂದು, ಪ್ಯಾರಿಸ್ಸಿನಲ್ಲಿ ಆದ ಪ್ರಾಥಮಿಕ ಶಾಂತಿ ಒಪ್ಪಂದದ ಪ್ರತಿಯನ್ನು ಫಿಲಡೆಲ್ಫಿಯಾಕ್ಕೆ ತಲುಪಿಸಿದನು. ಅಷ್ಟರಲ್ಲಿ ನಮ್ಮ ಹೈದರನು ತೀರಿಕೊಂಡು ಮೂರು ತಿಂಗಳು ಕಳೆದಿತ್ತು. ವರ್ತಕರು ಜೇಬಿನಿಂದ ಹಣ ಹಾಕಿ ಸಜ್ಜುಗೊಳಿಸಿದ ಒಂದು ಸಾಧಾರಣ ಹಡಗು ಇಷ್ಟನ್ನು ಸಾಧಿಸಿತು ಎಂದ ಮೇಲೆ ನನ್ನ ಮಾತಿಗೆ ಬೇರೆ ಪುರಾವೆ ಬೇಕೆ?

ಸಮಯ ಮುಗಿಯುತ್ತ ಬಂದಿದೆಯೆಂದು ಎದುರಿನ ಕೋಣೆಯಿಂದ ಸನ್ನೆ ಬರುತ್ತಿದೆ. ಉಳಿದುದನ್ನು ಬೇಗ ಹೇಳುತ್ತೇನೆ. ಈ ಯುದ್ಧದಲ್ಲಿ ಸೆರೆಸಿಕ್ಕ ನಾವಿಕರ ಪಾಡು ಘೋರವಾದುದು. ನ್ಯೂಯಾರ್ಕಿನ ವಾಲಬೌಟ್ ಕೊಲ್ಲಿಯಲ್ಲಿ ಜರ್ಸಿ ಮೊದಲಾದ ಹಳೆಯ ಹಡಗುಗಳನ್ನೇ ಬ್ರಿಟಿಷರು ಸೆರೆಮನೆ ಮಾಡಿದ್ದರು. ಅಲ್ಲಿ ಹಸಿವಿನಿಂದಲೂ ಜ್ವರದಿಂದಲೂ ಸತ್ತವರು 11,000ಕ್ಕೂ ಹೆಚ್ಚು ಎಂದು ಎಣಿಸಲಾಗಿದೆ. ರಾಯಲ್ ಲೂಯಿಸ್ ಎಂಬ ಪರವಾನಗಿ ಹಡಗಿನಲ್ಲಿ ಸೇರಿದ್ದ ಜೇಮ್ಸ್ ಫೋರ್ಟನ್ ಎಂಬ ಕರಿಯ ಹುಡುಗ, ಹದಿಹರೆಯದವನು, 1781ರಲ್ಲಿ ಸೆರೆಸಿಕ್ಕನು. ತನ್ನ ಮಗನ ಜೊತೆ ಗೋಲಿಯಾಡುತ್ತ ಸ್ನೇಹ ಬೆಳೆಸಿದ ಈ ಹುಡುಗನನ್ನು ಬ್ರಿಟಿಷ್ ಕಪ್ತಾನನು ಇಂಗ್ಲೆಂಡಿಗೆ ಕರೆದೊಯ್ದು ಓದಿಸುತ್ತೇನೆಂದನು. ದೇಶಕ್ಕೆ ದ್ರೋಹ ಬಗೆಯಲಾರೆನೆಂದು ಹುಡುಗ ಒಪ್ಪದೆ ಜರ್ಸಿಗೆ ಹೋಗಿ, ಸುಮಾರು ಏಳು ತಿಂಗಳು ಅಲ್ಲಿದ್ದು ಬದುಕಿ ಬಂದನು. ಮುಂದೆ ಆತನು ಫಿಲಡೆಲ್ಫಿಯಾದಲ್ಲಿ ಹಾಯಿ ಹೊಲಿಸುವ ದೊಡ್ಡ ಉದ್ಯಮದ ಒಡೆಯನಾಗಿ, ಗುಲಾಮಗಿರಿಯ ವಿರುದ್ಧ ದುಡಿಯುತ್ತ ಹಣ ಸುರಿದನು.

ಯುದ್ಧವನ್ನು ಗೆಲ್ಲಿಸಿದ್ದು ಫ್ರೆಂಚರ ನೌಕಾಪಡೆ ಅಲ್ಲವೇ ಎಂದು ಕೆಲವರು ಕೇಳುತ್ತಾರೆ. 1781ರ ಸೆಪ್ಟೆಂಬರ್ 5ರಂದು ಚೆಸಪೀಕ್ ಕೊಲ್ಲಿಯ ಮುಂದೆ ಫ್ರೆಂಚ್ ಅಡ್ಮಿರಲ್ ದ ಗ್ರಾಸ್ 24 ದೊಡ್ಡ ಹಡಗುಗಳೊಡನೆ ಬ್ರಿಟನ್ನಿನ 19 ಹಡಗುಗಳನ್ನು ತಡೆದುದರಿಂದಲೇ ಯಾರ್ಕ್‌ಟೌನಿನಲ್ಲಿ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸ್ ಶರಣಾಗಬೇಕಾಯಿತು. ಹತ್ತು ವರ್ಷಗಳ ಬಳಿಕ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿದ ಕಾರ್ನ್‌ವಾಲಿಸನೇ ಈತ. ಅದು ಸರಿ. ಆದರೆ ಫ್ರಾನ್ಸು ಅಮೆರಿಕದ ಜೊತೆ ಒಪ್ಪಂದಕ್ಕೆ ಸಹಿ ಹಾಕಿದ್ದು 1778ರ ಫೆಬ್ರವರಿಯಲ್ಲಿ. ಅಲ್ಲಿಯವರೆಗೆ ಸಮುದ್ರದ ಮೇಲೆ ಬ್ರಿಟನ್ನಿಗೆ ನಿದ್ದೆಗೆಡಿಸಿದವರು ಸೇಲಂ, ಫಿಲಡೆಲ್ಫಿಯಾಗಳ ವರ್ತಕರು, ಆ ಮೇಲೆಯೂ ಅವರು ಸುಮ್ಮನಾಗಲಿಲ್ಲ.

ಅವರನ್ನು ಕಡಲ್ಗಳ್ಳರೆಂದು ಕರೆಯುವವರು ಅಮೆರಿಕದ ಸಂವಿಧಾನದ ಮೊದಲನೆಯ ವಿಧಿಯ ಎಂಟನೆಯ ವಿಭಾಗವನ್ನು ಒಮ್ಮೆ ತೆರೆದು ನೋಡಬೇಕೆಂದು ನನ್ನ ವಿನಂತಿ. ಯುದ್ಧ ಸಾರುವ ಅಧಿಕಾರದ ಜೊತೆಗೇ, ಖಾಸಗಿ ಹಡಗುಗಳಿಗೆ ಇಂತಹ ಪರವಾನಗಿ ಕೊಡುವ ಅಧಿಕಾರವನ್ನೂ 1787ರಲ್ಲಿ ಅಲ್ಲಿ ಬರೆದಿಟ್ಟರು. ಯುರೋಪಿನ ರಾಷ್ಟ್ರಗಳು 1856ರಲ್ಲಿ ಪ್ಯಾರಿಸ್ಸಿನಲ್ಲಿ ಸೇರಿ ಈ ಪದ್ಧತಿಯನ್ನು ಕೈಬಿಟ್ಟಾಗ ಅಮೆರಿಕವು ಆ ಘೋಷಣೆಗೆ ಸಹಿ ಹಾಕಲಿಲ್ಲ. ಸಂವಿಧಾನದ ಆ ಸಾಲು ಇಂದಿಗೂ ಅಲ್ಲಿಯೇ ಇದೆ.

ನಮಸ್ಕಾರ.